ಹಾಡುಗಳ ಪಕ್ಕ ಬಂದು ಕೂತ ಕಾಲಂ

ಅಕ್ಕನ ಹಾಡುಗಳ ಫೋಲ್ಡರಿನಲ್ಲಿ ಹೆಸರಿನ ಹೊರತು ಬೇರೇನೂ ಕಾಣಕೂಡದು ಎಂದು ನಾನು ಮೊದಲ ದಿನವೇ ತೀರ್ಮಾನಿಸಿದ್ದೆ. ಲ್ಯಾಪ್‌ಟಾಪಿನಲ್ಲಿ ಯಾವ ಫೋಲ್ಡರ್ ತೆರೆದರೂ ಹೆಸರಿನ ಪಕ್ಕ ತಾರೀಕು, ತಾರೀಕಿನ ಪಕ್ಕ ಅದು ಯಾವ ಬಗೆಯ ಫೈಲು, ಅದರ ಪಕ್ಕ ಎಷ್ಟು ದೊಡ್ಡದು ಎಂದು ಕಾಲಮ್ಮುಗಳು ಸಾಲಾಗಿ ನಿಂತಿರುತ್ತವೆ. ಅವನ್ನೆಲ್ಲ ಒಂದೊಂದಾಗಿ ತೆಗೆದೆ. ಅಕ್ಷರ ದಪ್ಪ ಮಾಡಿದೆ. ಮದುವೆಯ ಶಾಸ್ತ್ರಗಳು ನಡೆಯುವ ಕ್ರಮದಲ್ಲೇ ಹಾಡುಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿದೆ. ಮೊದಲು ವೀಳ್ಯದ ಹಾಡು, ಆಮೇಲೆ ಚಪ್ಪರದ್ದು, ಅರಿಶಿನದ್ದು, ನೀರು ತರುವುದು, ಬಳೆ ತೊಡಿಸುವುದು, ಹಸೆಗೆ ಕರೆಯುವುದು, ಧಾರೆ, ಕೊನೆಗೆ ಹೆಣ್ಣೊಪ್ಪಿಸುವುದು. ನಡುನಡುವೆ ಸಣ್ಣಪುಟ್ಟವು. ಅಕ್ಕನಿಗೆ ಓದು ಬರುವುದಿಲ್ಲ. ಆದರೆ ಶಾಸ್ತ್ರದ ಕ್ರಮ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಳಮುಖದ ಬಾಣದ ಕೀಲಿಯನ್ನು ಒತ್ತುತ್ತ ಇಳಿದರೆ ಬೇಕಾದ ಹಾಡು ಸಿಗುತ್ತದೆ, ದೊಡ್ಡ ಕೀಲಿಯನ್ನು ಒತ್ತಿದರೆ ಹಾಡುತ್ತದೆ. ಇಷ್ಟನ್ನು ಒಂದು ಬೆಳಗ್ಗೆಯಲ್ಲಿ ಕಲಿತಳು.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಎಚ್.ಡಿ. ಕೋಟೆಯಲ್ಲಿ ಶುರು ಮಾಡಿ ಪಿರಿಯಾಪಟ್ಟಣಕ್ಕೆ ಬಂದು, ಹುಣಸೂರಿನಲ್ಲಿ ನಿವೃತ್ತಳಾಗಿ, ಈಗ ಕೆ.ಆರ್. ನಗರದಲ್ಲಿ ನಮ್ಮ ಯಜಮಾನರು ಬಿಟ್ಟುಹೋದ ಮನೆಯಲ್ಲಿದ್ದೇನೆ. ವಾರ್ಡಿನಲ್ಲಿ ಕಲಿತದ್ದನ್ನು ಮನೆಯಲ್ಲೂ ಬಿಟ್ಟಿಲ್ಲ. ಏಳುವ ಹೊತ್ತಿಗೆ ಏಳುತ್ತೇನೆ, ಉಣ್ಣುವ ಹೊತ್ತಿಗೆ ಉಣ್ಣುತ್ತೇನೆ. ಒಂದು ಸಾಮಾನಿಗೆ ಒಂದೇ ಜಾಗ. ಒಂದೇ ಸಾಮಾನು ಎರಡು ಕಡೆ ಇದ್ದರೆ ಎರಡು ಕಡೆಯೂ ಇಲ್ಲದಂತೆ ಎಂದು ನಮಗೆ ಕಲಿಸಿದ ಹಿರಿಯ ಸಿಸ್ಟರು ಹೇಳುತ್ತಿದ್ದರು. ಅದನ್ನು ನಾನು ಈವರೆಗೂ ಪಾಲಿಸಿಕೊಂಡು ಬಂದಿದ್ದೇನೆ.

ಅಕ್ಕ ಬೇರೆಯೇ ಥರದವಳು. ಚುಂಚನಕಟ್ಟೆಯ ಕಡೆ ನಾಲೆಯ ಪಕ್ಕದ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು, ಗದ್ದೆ ನಾಟಿಯಲ್ಲಿ, ಕಳೆಯಲ್ಲಿ, ಬಾಣಂತನಗಳಲ್ಲಿ ಅರ್ಧ ಆಯಸ್ಸು ಕಳೆದಳು. ಉಳಿದರ್ಧ ಮದುವೆ ಮನೆಗಳಲ್ಲಿ. ಸೋಬಾನೆ ಹೇಳಲು ಅವಳು ಬಂದ ಮೇಲೇ ಹಸೆ ಹಾಸುವುದು ಎನ್ನುವ ಮನೆಗಳು ಆ ಸುತ್ತಿನಲ್ಲಿ ಇದ್ದವು. ಅವಳು ಮುಂದೆ ಒಂದು ಸಾಲು ಎತ್ತಿಕೊಟ್ಟರೆ ಉಳಿದ ಹೆಂಗಸರು ಹಿಂದೆ ಹಿಡಿಯುತ್ತಿದ್ದರು. ಹಿಂದೆ ಹಿಡಿದೇ ಅಭ್ಯಾಸವಾದ್ದರಿಂದ ಪೂರ್ತಿ ಹಾಡು ಯಾರಿಗೂ ಬರಲಿಲ್ಲ.

ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಾಗ ಮೈಸೂರಿನ ಡಾಕ್ಟರು ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿ ಇಲ್ಲ ಎಂದರು. ಆಚೆ ಬಂದು ಅಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರೋಗಿಗೆ ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಯ್ತು ಬುಡು. ಜೀವ ಉಳಿದ್ರೆ ಸಾಕು ಅಂತೀಯ, ಉಳ್ಕತದೆ. ಆದ್ರೆ ಮೊಮ್ಮಗಳ ಮದ್ವೇಲಿ ಪದ ಯಾರೇ ಹೇಳದು?"

"ಈಗಲೇ ಹೇಳಿ ಮಡಗು. ಫೋನಲ್ಲಿ ಹಿಡ್ಕತೀನಿ."

"ಗಂಡೇ ಗೊತ್ತಾಗಿಲ್ಲ, ನಾನು ಧಾರೆ ಪದ ಹೇಳ್ಲಾ? ನಗ್ತಾರೆ ಕಣೆ ಕೇಳ್ದೋರು."

ನಕ್ಕವರು ಯಾರೂ ಇರಲಿಲ್ಲ. ಆಪರೇಷನ್ನಿಗೆ ಮುಂಚೆ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಬೆಳಗಿನ ಕಾಫಿ ಆದಮೇಲೆ ದಿನಕ್ಕೆ ಇಷ್ಟು ಎಂದು ಹೇಳುತ್ತಾ ಬಂದಳು. ದನಿ ಆಗಲೇ ಸ್ವಲ್ಪ ಒಡೆದಿತ್ತು, ಆದರೆ ಧಾಟಿ ಕೆಟ್ಟಿರಲಿಲ್ಲ. ಎಲ್ಲ ಮುಗಿದ ಮೇಲೆ ಹಾಡುಗಳನ್ನು ಲ್ಯಾಪ್‌ಟಾಪಿಗೆ ಹಾಕಿ, ಸರಿಯಾಗಿ ಬಂದಿವೆಯೇ ಎಂದು ಕೇಳಿ ನೋಡಿ, ಫೋನಿನಿಂದ ಅಳಿಸಿದೆ. ಒಂದು ಸಾಮಾನಿಗೆ ಒಂದೇ ಜಾಗ.

ಆಪರೇಷನ್ ಆದಮೇಲೆ ಅವಳನ್ನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಕತ್ತಿನಲ್ಲಿ ಮಾಡಿದ ರಂಧ್ರಕ್ಕೆ ಹಾಕಿದ ನಳಿಗೆಯನ್ನು ದಿನವೂ ತೊಳೆಯಬೇಕು, ಅವಳ ಸೊಸೆಗೆ ಹಸು, ಗದ್ದೆ ಬಿಟ್ಟು ಅದನ್ನು ಮಾಡಲಾಗುವುದಿಲ್ಲ. ಅಕ್ಕನಿಗೆ ಮಾತು ಪೂರ್ತಿ ಹೋಯಿತು. ಬರೆಯಲು ಬಾರದು. ಕೈಸನ್ನೆ, ತುಟಿ, ಚಪ್ಪಾಳೆ ಇವುಗಳಲ್ಲಿ ಎಲ್ಲವನ್ನೂ ಹೇಳುತ್ತಿದ್ದಳು. ಒಂದು ಚಪ್ಪಾಳೆ ಎಂದರೆ ಬಾ, ಎರಡು ಎಂದರೆ ಬೇಡ. ಮಧ್ಯಾಹ್ನ ನಳಿಗೆ ತೊಳೆದಾದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ತನ್ನ ಹಾಡು ತಾನೇ ಹಾಕಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಾ ಕೇಳುವಳು. ಅವಳಿಗೆ ಉಳಿದಿದ್ದ ದನಿ ಅಷ್ಟೇ.

ಈ ನಡುವೆ ಒಮ್ಮೆ ರಕ್ತದೊತ್ತಡದ ಮಾತ್ರೆಯನ್ನು ಮರೆತು ಎರಡು ಸಲ ನುಂಗಿ, ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಬಿದ್ದಳು. ಅವತ್ತೇ ನಾನು ಅಡುಗೆಮನೆ ಗೋಡೆಗೆ ಒಂದು ಚಾರ್ಟು ಅಂಟಿಸಿದೆ. ದುಂಡು ಮಾತ್ರೆ, ಉದ್ದ ಮಾತ್ರೆ, ಬಾಟಲಿ ಎಂದು ಚಿತ್ರ ಬರೆದೆ. ನುಂಗಿದ ತಕ್ಷಣ ಅದರ ಪಕ್ಕ ಟಿಕ್ ಹಾಕಬೇಕು. ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ಹೇಳುತ್ತಿದ್ದ ಮಾತನ್ನೇ ಅಕ್ಕನಿಗೂ ಹೇಳಿದೆ: ಟಿಕ್ ಬಿದ್ದರೆ ಮುಗಿಯಿತು, ಮತ್ತೆ ಮುಟ್ಟಬಾರದು, ಯಾರು ಎಷ್ಟು ಹೇಳಿದರೂ ಮುಟ್ಟಬಾರದು. ಹಾಕಿದ ಟಿಕ್ಕನ್ನು ಅಳಿಸಬಾರದು. ಅಳಿಸಿದವಳು ಎಂಥ ಒಳ್ಳೆಯ ನರ್ಸಾದರೂ ನಮ್ಮ ವಾರ್ಡಿನಲ್ಲಿ ಉಳಿಯುತ್ತಿರಲಿಲ್ಲ ಎಂದೂ ಹೇಳಿದೆ. ಅಕ್ಕ ಪೆನ್ಸಿಲ್ ತಾನೇ ಇಸಿದುಕೊಂಡಳು. ಹುಟ್ಟಿದಾಗಿನಿಂದ ಪೆನ್ಸಿಲ್ ಹಿಡಿಯದವಳು, ಕುಡುಗೋಲು ಹಿಡಿದ ಹಾಗೆ ಹಿಡಿದು ಟಿಕ್ ಹಾಕಲು ಕಲಿತಳು. ಒಂದು ದಿನವೂ ತಪ್ಪಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಲ್ಯಾಪ್‌ಟಾಪ್ ನಿಧಾನವಾಯಿತು. ನಮ್ಮ ಬೀದಿಯ ಕೊನೆಯಲ್ಲಿರುವ ಕಂಪ್ಯೂಟರ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವರು ನಡುವಯಸ್ಸಿನವರು. ಅವರ ಮಕ್ಕಳಿಬ್ಬರಿಗೂ ನಾನೇ ಇಂಜೆಕ್ಷನ್ ಕೊಟ್ಟಿದ್ದೆನೆಂದು ಬಹಳ ಗೌರವ.

"ಸಿಸ್ಟರಮ್ಮ, ಜಾಗವೇ ಇಲ್ವಲ್ರೀ ಇದ್ರಲ್ಲಿ. ಈ ಹಾಡೆಲ್ಲಾ ಇದೊಂದ್ರಲ್ಲೇ ಮಡಗಿದೀರಾ? ನಾಳೆ ಡಿಸ್ಕ್ ಕೆಟ್ಟೋದ್ರೆ ಏನ್ ಮಾಡ್ತೀರಿ?"

ಅದನ್ನು ನಾನು ಯೋಚಿಸಿರಲಿಲ್ಲ.

"ಕ್ಲೌಡ್‌ಗೆ ಹಾಕ್ಬುಡ್ತೀನಿ. ಅಲ್ಲಿ ಭದ್ರವಾಗಿರ್ತದೆ. ನೀವು ಒತ್ತಿದಾಗ ಅಲ್ಲಿಂದ ಇಳ್ಕಂಡು ಬತ್ತದೆ. ನೆಟ್ ಇದ್ರೆ ಸಾಕು."

ಹಾಕಿ ಎಂದೆ. ಅಲ್ಲಿ ಭದ್ರ, ಇಲ್ಲಿ ಜಾಗ ಖಾಲಿ. ನನಗೆ ಒಪ್ಪುವ ವ್ಯವಸ್ಥೆ.

ಮಾರನೆಯ ದಿನ ಫೋಲ್ಡರ್ ತೆರೆದರೆ ಹೆಸರುಗಳ ಪಕ್ಕ ನಾನು ಕರೆಯದ ಒಂದು ಕಾಲಂ ಬಂದು ಕೂತಿತ್ತು. ಒಂದೊಂದು ಹಾಡಿನ ಪಕ್ಕದಲ್ಲೂ ನೀಲಿ ಗೆರೆಯ ಸಣ್ಣ ಮೋಡ. ಹಾಡಿನ ಹೆಸರುಗಳು ಒತ್ತಿಹೋಗಿ ಕೊನೆಯ ಅಕ್ಷರಗಳು ಕಾಣುತ್ತಿರಲಿಲ್ಲ. ತಲೆಬರಹದ ಮೇಲೆ ಮೌಸಿನ ಬಲಗಡೆ ಒತ್ತಿದರೆ ಕಾಲಮ್ಮುಗಳ ಹೆಸರು ಇಳಿಯುತ್ತವೆ, ಬೇಡವಾದದ್ದರ ಗುರುತು ತೆಗೆದರೆ ಹೋಗುತ್ತದೆ. ತಾರೀಕನ್ನೂ ಸೈಜನ್ನೂ ಹಾಗೆಯೇ ಕಳಿಸಿದ್ದೆ. ಇದನ್ನೂ ಕಳಿಸಿದೆ. ಹೋಯಿತು. ಮುಚ್ಚಿ ತೆರೆದರೆ ಮತ್ತೆ ಬಂದಿತ್ತು. ಮತ್ತೆ ತೆಗೆದೆ. ಮತ್ತೆ ಬಂತು. ವಾರ್ಡಿನಿಂದ ಆಚೆ ಕಳಿಸಿದಷ್ಟೂ ಹಿಂದಿನ ಬಾಗಿಲಿನಿಂದ ಒಳಗೆ ಬಂದು ಮಂಚದ ಪಕ್ಕ ನಿಲ್ಲುವ ನೆಂಟರಿರುತ್ತಾರಲ್ಲ, ಅವರ ನೆನಪಾಯಿತು. ಇರಲಿ, ಸಣ್ಣ ವಿಷಯ ಎಂದುಕೊಂಡು ದಿನಕ್ಕೊಮ್ಮೆ ತೆಗೆಯುವುದನ್ನು ಬೆಳಗಿನ ಕೆಲಸಗಳ ಜೊತೆ ಸೇರಿಸಿಕೊಂಡೆ. ಮಧ್ಯಾಹ್ನ ಅಕ್ಕ ತೆರೆಯುವಾಗ ಅದು ಮತ್ತೆ ಅಲ್ಲಿಯೇ ಇರುತ್ತದೆಂದು ನನಗೆ ಹೊಳೆಯಲಿಲ್ಲ.

ಅಕ್ಕನ ಮೊಮ್ಮಗಳಿಗೆ ಹುಣಸೂರಿನ ಕಡೆಯ ಸಂಬಂಧ ಕೂಡಿಬಂತು. ದಿನ ಗೊತ್ತಾಯಿತು. ಸೊಸೆ ಮೊಸರು, ಸೊಪ್ಪು ಹಿಡಿದುಕೊಂಡು ಸಂಭ್ರಮದಿಂದ ಬಂದಳು. ಕೂತವಳೇ ಅತ್ತೆಯ ಕೈ ಹಿಡಿದು, "ಅತ್ತೆಮ್ಮ, ಅರಿಸ್ನದ ಪದ ಒಸಿ ಹಾಕಿ. ನಾನೂ ಕೇಳ್ಕತೀನಿ. ಅಲ್ಲಿ ನೀವು ಹಾಕ್ದಾಗ ಹಿಂದೆ ಹಿಡಿಯಕೆ ನಾಕ್ ಜನ ಆದ್ರೂ ಬೇಕಲ್ಲ" ಎಂದಳು.

ಅಕ್ಕ ಎರಡು ಚಪ್ಪಾಳೆ ತಟ್ಟಿದಳು. ಬೇಡ.

"ಯಾಕತ್ತೆಮ್ಮ? ನನ್ ಮೇಲೆ ಕೋಪ್ವಾ? ಹೋದ್ಸಲ ಅವರೆಕಾಯಿ ತರ್ನಿಲ್ಲ ಅಂತ್ಲಾ?"

ಅಕ್ಕ ಬಾಯಗಲಿಸಿ ನಕ್ಕಳು, ಆದರೂ ತಲೆ ಆಡಿಸಿದಳು. ಲ್ಯಾಪ್‌ಟಾಪ್ ತೆರೆದು ನಮ್ಮಿಬ್ಬರ ಕಡೆ ತಿರುಗಿಸಿದಳು. ಅರಿಶಿನದ ಹಾಡಿನ ಪಕ್ಕ ಬೆರಳಿಟ್ಟಳು. ಅಲ್ಲಿ ಮೋಡ ಇರಲಿಲ್ಲ. ಹಸಿರು ವೃತ್ತದೊಳಗೆ ಒಂದು ಟಿಕ್ ಇತ್ತು. ವೀಳ್ಯಕ್ಕೂ ಟಿಕ್, ಚಪ್ಪರಕ್ಕೂ, ನೀರಿಗೂ, ಬಳೆಗೂ, ಧಾರೆಗೂ ಟಿಕ್. ಹಸೆಗೆ ಕರೆಯುವ ಹಾಡು ಮತ್ತು ಹೆಣ್ಣೊಪ್ಪಿಸುವ ಹಾಡು, ಇವೆರಡರ ಪಕ್ಕ ಮಾತ್ರ ಮೋಡ ಉಳಿದಿತ್ತು. ಅಕ್ಕ ಎದ್ದು ಅಡುಗೆಮನೆಗೆ ಹೋಗಿ ಗೋಡೆಯ ಚಾರ್ಟಿನ ಮೇಲೆ ಅದೇ ಬೆರಳಿಟ್ಟಳು. ಅಲ್ಲಿಂದ ನನ್ನ ಮುಖ ನೋಡಿದಳು.

ನನಗೆ ಆಗ ಅರ್ಥವಾಯಿತು. ಮೋಡದ ಗುರುತಿದ್ದ ಹಾಡನ್ನು ಒತ್ತಿದರೆ ಅದು ಕ್ಲೌಡಿನಿಂದ ನಮ್ಮ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಇಳಿದ ಮೇಲೆ ಮೋಡದ ಜಾಗದಲ್ಲಿ ಟಿಕ್ ಬರುತ್ತದೆ. ಇಳಿಯಿತು, ಇಲ್ಲೇ ಇದೆ ಎನ್ನುವುದಷ್ಟೇ ಅದರ ಅರ್ಥ. ಅಕ್ಕ ಕಂಡದ್ದು ಬೇರೆ. ಹಾಡು ಹಾಕಿದಳು, ಟಿಕ್ ಬಿತ್ತು. ನುಂಗಿದಳು, ಟಿಕ್ ಹಾಕಿದಳು. ಮುಗಿಯಿತು, ಮತ್ತೆ ಮುಟ್ಟಬಾರದು. ಅಂದಿನಿಂದ ಅವಳು ಟಿಕ್ ಬಿದ್ದ ಹಾಡನ್ನು ಮುಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತು ಮನೆ ಸದ್ದಿಲ್ಲದೆ ಇರುತ್ತಿದ್ದುದನ್ನು ನಾನು ನಿದ್ದೆ ಎಂದುಕೊಂಡಿದ್ದೆ. ಅವಳು ಉಳಿದಿದ್ದ ಎರಡನ್ನು ಮೊಮ್ಮಗಳ ಮದುವೆಗೆಂದು ಎತ್ತಿಟ್ಟುಕೊಂಡು ಕೂತಿದ್ದಳು.

"ಅಯ್ಯೋ ಅಕ್ಕ, ಇದು ಆ ಟಿಕ್ ಅಲ್ಲ ಕಣೆ. ಎಷ್ಟು ಸಲ ಬೇಕಾದ್ರೂ ಹಾಕ್ಬೋದು, ನೋಡು" ಎಂದು ಅರಿಶಿನದ ಹಾಡನ್ನು ಒತ್ತಲು ಹೋದೆ. ಅಕ್ಕ ನನ್ನ ಕೈಯ ಮೇಲೆ ರಪ್ಪನೆ ಹೊಡೆದಳು. ಚಿಕ್ಕಂದಿನಲ್ಲಿ ಬೆಲ್ಲ ಕದಿಯುವಾಗ ಹೊಡೆದಿದ್ದಳು, ಆಮೇಲೆ ಇದೇ. ಎರಡು ಬೆರಳು ತೋರಿಸಿ, ಕಣ್ಣು ಮೇಲೆ ಮಾಡಿ, ಬಚ್ಚಲ ಬಾಗಿಲಿನ ಕಡೆ ಕೈ ಬೀಸಿ ತಾನು ಬಿದ್ದ ರೀತಿಯನ್ನು ಮಾಡಿ ತೋರಿಸಿದಳು. ಎರಡನೆಯ ಸಲ ಕೊಟ್ಟರೆ ಏನಾಗುತ್ತದೆ ಎಂದು ನೀನೇ ಅಲ್ಲವೇ ಹೇಳಿದ್ದು?

"ಅದು ಮಾತ್ರೆ, ಇದು ಹಾಡು. ಹಾಡು ಕ್ಲೌಡಲ್ಲಿ ಇರ್ತದೆ, ಮೋಡ ಅಂದ್ಕೊ, ಅಲ್ಲಿಂದ ಇಳೀತದೆ, ಇಳ್ದ ಮೇಲೆ ಇಲ್ಲೇ ಇರ್ತದೆ."

ಅಕ್ಕ ಕಿಟಕಿಯಾಚೆ ಆಕಾಶ ನೋಡಿದಳು. ಆಮೇಲೆ ಬೆರಳುಗಳನ್ನು ಅಲುಗಿಸುತ್ತಾ ಮಳೆ ಸುರಿಯುವ ಹಾಗೆ ಕೈಯನ್ನು ಮೇಲಿನಿಂದ ಕೆಳಗಿಳಿಸಿ ನೆಲ ಮುಟ್ಟಿಸಿದಳು. ಅಂಗೈ ತಿರುಗಿಸಿ, ಇನ್ನೇನು ಮೇಲೆ ಹೋಗುತ್ತದೆಯೇ ಎನ್ನುವಂತೆ ನನ್ನನ್ನು ನೋಡಿದಳು. ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು.

"ಚಿಕ್ಕತ್ತೆಮ್ಮ, ನೀವು ಓದಿರೋರು, ನೀವೇ ಸೋತ್ರಿ."

ನಗುವ ವಿಷಯವಾಗಿರಲಿಲ್ಲ. ಮದುವೆಗೆ ಹೆಚ್ಚು ಸಮಯ ಇರಲಿಲ್ಲ. ತಾನಿಲ್ಲದಿದ್ದರೂ ತನ್ನ ದನಿಯಲ್ಲಿ ಮೊಮ್ಮಗಳ ಒಂದೊಂದು ಶಾಸ್ತ್ರವೂ ನಡೆಯಬೇಕು ಎನ್ನುವುದಕ್ಕಾಗಿ ಆ ಹೆಂಗಸು ಒಡೆದ ಗಂಟಲಲ್ಲಿ ಎಲ್ಲವನ್ನೂ ಹೇಳಿದ್ದಳು. ಈಗ ಅವಳ ಲೆಕ್ಕದಲ್ಲಿ ಅವು ಮುಗಿದುಹೋಗಿದ್ದವು. ಆ ಕಾಲಂ ಒಂದು ಕಣ್ಣಿಗೆ ಬೀಳದಿದ್ದರೆ ಸರಿಹೋಗುತ್ತದೆ ಎಂದು ನಾನು ನಂಬಿದೆ. ಸೆಟ್ಟಿಂಗುಗಳಲ್ಲಿ ಹುಡುಕಿದೆ. ಒಂದು ಕಡೆ ಗುರುತು ತೆಗೆದರೆ ಎಡಗಡೆಯ ಪಟ್ಟಿಯಲ್ಲಿದ್ದ ಮೋಡ ಹೋಯಿತು, ಹಾಡುಗಳ ಪಕ್ಕದ್ದು ಹೋಗಲಿಲ್ಲ. ಇನ್ನೊಂದು ಕಡೆ ಒತ್ತಿದರೆ ಹಾಡುಗಳ ಕ್ರಮವೇ ತಲೆಕೆಳಗಾಗಿ, ಹೆಣ್ಣೊಪ್ಪಿಸುವುದು ಮೇಲೆ ಬಂದು ವೀಳ್ಯ ಕೆಳಗೆ ಹೋಯಿತು. ಅದನ್ನು ಸರಿಮಾಡುವುದರಲ್ಲಿ ಒಂದು ಬೆಳಗ್ಗೆ ಕಳೆಯಿತು. ಕೊನೆಗೆ ಅಂಗಡಿಗೇ ಹೋದೆ.

"ಇದಕ್ಕೋಸ್ಕರ ಬಂದ್ರಾ ಸಿಸ್ಟರಮ್ಮ? ಅದು ಏನೂ ಮಾಡಕಿಲ್ಲ ಬುಡಿ, ಪಾಪ ತನ್ ಪಾಡಿಗೆ ಕೂತದೆ."

"ಅದು ನನಗೆ ಬೇಡ."

"ಕಂಪನಿಯೋರು ಇಟ್ಟಿರದು ಕಣ್ರೀ. ನಾವು ತೆಗುದ್ರೆ ಅದು ಮತ್ತೆ ಹಾಕ್ಕತದೆ. ಅದ್ರ ಫೋಲ್ಡರಲ್ಲಿ ಇರೋಗಂಟ ಅದೇ ಯಜಮಾನ." ಅವರು ಕನ್ನಡಕ ಹಣೆಗೇರಿಸಿ ಯೋಚಿಸಿದರು. "ಒಂದ್ ಕೆಲ್ಸ ಮಾಡವ. ಹಾಡನ್ನೆಲ್ಲ ಕೆಳಗಿಳಿಸ್ಕಂಡು ಬ್ಯಾರೆ ಫೋಲ್ಡರ್‌ಗೆ ಎತ್ತಾಕ್ಬುಡ್ತೀನಿ. ಒಂದಿಷ್ಟು ಹಳೇ ಫೋಟೋ ತೆಗೀಬೇಕಾಯ್ತದೆ, ಜಾಗಕ್ಕೆ."

ತೆಗೆಯಿರಿ ಎಂದೆ. ಹಾಡುಗಳು ಬೇರೆ ಫೋಲ್ಡರಿಗೆ ಬಂದವು. ಕಾಲಂ ಮಾಯವಾಯಿತು. ಮುಚ್ಚಿ ತೆರೆದೆ, ಲ್ಯಾಪ್‌ಟಾಪನ್ನೇ ಆರಿಸಿ ಹಚ್ಚಿದೆ. ಬರಲಿಲ್ಲ. ಬರಿ ಹೆಸರುಗಳು, ದಪ್ಪ ಅಕ್ಷರದಲ್ಲಿ, ಮೊದಲಿನ ಹಾಗೇ. ಬೀದಿಯುದ್ದಕ್ಕೂ ನಾನು ಬೇಗ ಬೇಗ ನಡೆದೆ.

ಅಕ್ಕನ ಮುಂದೆ ತೆರೆದು, "ನೋಡು, ಎಲ್ಲಾ ಹೊಸದು. ಯಾವುದು ಬೇಕೋ ಹಾಕ್ಕೊ" ಎಂದೆ. ಅವಳು ಹತ್ತಿರ ಬಗ್ಗಿ ನೋಡಿದಳು. ಹೆಸರುಗಳ ಪಕ್ಕದ ಖಾಲಿ ಜಾಗದ ಮೇಲೆ ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆದಳು. ಎದ್ದು ಗೋಡೆಯ ಚಾರ್ಟಿನ ಹತ್ತಿರ ಹೋದಳು. ಅಂದು ಬೆಳಗ್ಗೆ ತಾನು ಹಾಕಿದ್ದ ಟಿಕ್ಕಿನ ಮೇಲೆ ಹೆಬ್ಬೆರಳಿಟ್ಟು ಉಜ್ಜಿದಳು. ಪೆನ್ಸಿಲಿನ ಗುರುತು ಮಸುಕಾಯಿತು. ಆ ಹೆಬ್ಬೆರಳನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು.

ನಾನು ಕೆಲಸ ಮಾಡಿದಷ್ಟು ದಿನ ನನ್ನ ಚಾರ್ಟಿನಲ್ಲಿ ಯಾರೂ ಒಂದು ಗೆರೆ ಅಳಿಸಿದ್ದನ್ನು ಕಂಡಿಲ್ಲ. ಅದನ್ನು ಅಕ್ಕನ ಮುಂದೆ ಎಷ್ಟು ಸಲ ಜಂಬದಿಂದ ಹೇಳಿಕೊಂಡಿದ್ದೆನೋ. "ಅಲ್ಲಕ್ಕ, ನಾನು ಅಳಿಸ್ಲಿಲ್ಲ" ಎಂದೆ. ಹೇಗೆ ಅಳಿಸಲಿಲ್ಲ, ಏನಾಯಿತು ಎಂದು ಹೇಳಲು ನನ್ನ ಬಳಿ ಮಾತಿರಲಿಲ್ಲ. ಬಾಯಿ ಇದ್ದವಳು ನಾನು.

ಆಮೇಲೆ ಅವಳು ನಾನು ಕೊಟ್ಟ ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ ನುಂಗತೊಡಗಿದಳು. ನಳಿಗೆ ತೊಳೆಯುವಾಗ ಸುಮ್ಮನೆ ಕತ್ತು ಕೊಡುವಳು, ಮುಖ ಮಾತ್ರ ಗೋಡೆಯ ಕಡೆ. ಲ್ಯಾಪ್‌ಟಾಪ್ ಹತ್ತಿರ ಹೋಗಲೇ ಇಲ್ಲ. ಮೋಡ ಉಳಿದಿದ್ದ ಎರಡು ಹಾಡುಗಳ ಮೇಲೂ ಅವಳಿಗೆ ನಂಬಿಕೆ ಹೋಗಿತ್ತು. ಗುರುತೇ ಇಲ್ಲದ ಮೇಲೆ ಯಾವುದು ಉಳಿದಿದೆ ಎಂದು ಯಾರು ಹೇಳಬೇಕು?

ಮತ್ತೆ ಅಂಗಡಿಗೆ ಹೋದೆ.

"ವಾಪಸ್ ಹಾಕ್ಕೊಡಿ" ಎಂದೆ.

"ಏನ?"

"ಕಾಲಮ್ಮು."

ಅವರು ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಮೇಜಿನ ಮೇಲಿಟ್ಟರು. "ಅಲ್ಲ ಸಿಸ್ಟರಮ್ಮ, ತೆಗೀರಿ ಅಂದ್ರಿ, ತೆಗ್ದೆ. ಈಗ ಹಾಕಿ ಅಂತೀರಿ. ನೀವೇ ಇಂಗೆ ಮಾಡ್ಬುಟ್ರೆ ನಾವು ಇನ್ನೆಲ್ಲಿಗೆ ಓಗನ?"

ಹಾಡುಗಳನ್ನು ಮತ್ತೆ ಕ್ಲೌಡಿನ ಫೋಲ್ಡರಿಗೆ ಎತ್ತಿಹಾಕಿದರು. ಕಾಲಂ ಬಂತು. ಆದರೆ ಹಾಡುಗಳೆಲ್ಲ ಲ್ಯಾಪ್‌ಟಾಪಿನಲ್ಲೇ ಇದ್ದವಾದ್ದರಿಂದ ಎಲ್ಲದಕ್ಕೂ ಟಿಕ್ ಬಿದ್ದಿತ್ತು, ಆ ಎರಡಕ್ಕೂ. ನಾನು ಕುರ್ಚಿಯ ಮೇಲೆ ಕೂತು, ಅಕ್ಕನ ಟಿಕ್ಕಿನ ಲೆಕ್ಕವನ್ನೂ ಮದುವೆಯ ವಿಷಯವನ್ನೂ ಅವರಿಗೆ ಹೇಳಿದೆ.

"ಅದಕ್ಯಾಕೆ ಅಂಗೆ ಕೂತ್ರಿ? ಇಲ್ಲಿರೋದನ್ನ ಖಾಲಿ ಮಾಡು ಅಂತ ಒಂದ್ ಸಲ ಒತ್ತುದ್ರೆ ಮೋಡ ವಾಪಸ್ ಬತ್ತದೆ. ಎಲ್ಲಕ್ಕೂ ಒತ್ಬುಡ್ಲಾ? ಎಲ್ಲಾ ಮೋಡ ಆಗೋಯ್ತದೆ. ನಿಮ್ಮಕ್ಕೋರು ಮೊದಲಿಂದ ಶುರು ಮಾಡ್ಕಳ್ಳಿ, ಎಲ್ಲಾ ಪದಾನೂ ಹಾಕ್ಕಳ್ಳಿ."

ಒಂದು ಗಳಿಗೆ ನನಗೂ ಆಸೆಯಾಯಿತು. ಅವರ ಬೆರಳು ಮೌಸಿನ ಮೇಲಿತ್ತು. ನಾನು ಬೇಡವೆಂದೆ. ಮಸುಕಾದ ಪೆನ್ಸಿಲ್ ಗುರುತು ಇನ್ನೂ ಗೋಡೆಯ ಮೇಲಿತ್ತು, ನಾನು ಅದನ್ನು ದಿನವೂ ನೋಡುತ್ತಿದ್ದೆ. ಎಲ್ಲವನ್ನೂ ಮೋಡ ಮಾಡಿಸಿಕೊಂಡು ಹೋಗಿ ನಿಂತರೆ ಅಕ್ಕ ಈ ಸಲ ಯಾವ ಬೆರಳು ತೋರಿಸುವಳೋ. ಹಸೆಗೆ ಕರೆಯುವುದು, ಹೆಣ್ಣೊಪ್ಪಿಸುವುದು, ಇವೆರಡಕ್ಕೆ ಮಾತ್ರ ಒತ್ತಿ ಎಂದೆ. ಒತ್ತಿದರು. ಅಕ್ಕ ಬಿಟ್ಟ ಹಾಗೆಯೇ ಇತ್ತು.

"ಮದ್ವೆ ಮನೇಲಿ ನೆಟ್ ಸಿಕ್ತದಾ?" ಎಂದು ಅಂಗಡಿಯವರು ಕೇಳಿದರು. ಸಿಗುತ್ತದೆ, ನಾನೇ ನೋಡಿದ್ದೇನೆ ಎಂದೆ. ನಿಜವಾಗಿಯೂ ನೋಡಿದ್ದೆ. ಹಿಂದಿನ ಸಲ ಹಳ್ಳಿಗೆ ಹೋದಾಗ ಜಗಲಿಯ ಮೇಲೆ ಕೂತು ಫೋನಿನಲ್ಲಿ ಮಾತಾಡಿದ್ದೆ, ಚಿತ್ರಗಳು ಚೆನ್ನಾಗಿಯೇ ಬಂದಿದ್ದವು.

ಮನೆಗೆ ಬಂದು ತೆರೆದಿಟ್ಟೆ. ಅಕ್ಕ ಟಿಕ್ಕುಗಳ ಮೇಲೆ ಬೆರಳಾಡಿಸಿದಳು, ಎರಡು ಮೋಡಗಳ ಮೇಲೆ ಬೆರಳು ನಿಲ್ಲಿಸಿದಳು. ತಲೆದೂಗಿದಳು. ನನ್ನ ಗಲ್ಲ ಹಿಡಿದು ಅಲ್ಲಾಡಿಸಿದಳು.

ಮದುವೆ ಹಳ್ಳಿಯ ಮನೆಯ ಮುಂದೆಯೇ ನಡೆಯಿತು. ಚಪ್ಪರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಅರಿಶಿನದ ಹೊತ್ತಿಗೆ ಹೆಂಗಸರು ಅಕ್ಕನ ಕಡೆ ನೋಡಿದರು. ಅಕ್ಕ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನಾನು ಒತ್ತಬಹುದಿತ್ತು. ಒತ್ತಲಿಲ್ಲ. ಪಿರಿಯಾಪಟ್ಟಣದ ಕಡೆಯಿಂದ ಬಂದ ಒಬ್ಬಾಕೆ ತಮ್ಮೂರಿನ ಧಾಟಿಯಲ್ಲಿ ಒಂದನ್ನು ಎತ್ತಿಕೊಂಡರು, ನಡುವೆ ಮರೆತರು, ಉಳಿದವರು ನಗುತ್ತಾ ಏನೇನೋ ಸೇರಿಸಿ ಮುಗಿಸಿದರು. ಅಕ್ಕ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಸಾಲು ತಪ್ಪಿದ ಕಡೆಯಲ್ಲೆಲ್ಲ ಅವಳ ಕೈ ಮೇಲೆಯೇ ನಿಲ್ಲುತ್ತಿತ್ತು, ಹಾಡು ಮುಂದಕ್ಕೆ ಹೋದ ಮೇಲೆ ಮೆಲ್ಲನೆ ಇಳಿಯುತ್ತಿತ್ತು. ನೀರು ತರುವುದು, ಬಳೆ, ಎಲ್ಲವೂ ಹೀಗೆಯೇ.

ಮಾರನೆಯ ಬೆಳಗ್ಗೆ, ಇನ್ನೂ ನೆಂಟರು ಪೂರ್ತಿ ಬಂದಿರಲಿಲ್ಲ, ಹಸೆಗೆ ಕರೆಯುವ ಹೊತ್ತು. ಅಕ್ಕ ನನ್ನ ಕಡೆ ನೋಡಿ ಒಂದು ಚಪ್ಪಾಳೆ ತಟ್ಟಿದಳು. ಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ದೊಡ್ಡ ಸ್ಪೀಕರಿಗೆ ತಂತಿ ಸಿಕ್ಕಿಸಿದೆ. ಅವಳೇ ಇಳಿದಳು, ಅವಳೇ ಒತ್ತಿದಳು. ಚಪ್ಪರದ ತುಂಬ ಅಕ್ಕನ ದನಿ ಎದ್ದಿತು. ಅಡುಗೆಯವರು ಸೌಟು ಹಿಡಿದುಕೊಂಡೇ ಹಿತ್ತಲಿನಿಂದ ಬಂದು ನಿಂತರು. ಮೊಮ್ಮಗಳು ಹಸೆಯ ಮೇಲೆ ಕೂತವಳು ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಧಾರೆಗೆ ಹಾಡಿಲ್ಲದಿದ್ದರೂ ಓಲಗ ಇತ್ತು, ಯಾರಿಗೂ ಕಡಿಮೆ ಎನಿಸಲಿಲ್ಲ.

ಹೆಣ್ಣು ಕಳಿಸುವ ಹೊತ್ತಿಗೆ ಚಪ್ಪರದಲ್ಲಿ ಜನ ಕಿಕ್ಕಿರಿದಿದ್ದರು. ಎಲ್ಲರ ಕೈಯಲ್ಲೂ ಫೋನು. ಮದುವೆಯನ್ನು ಅಲ್ಲಿಂದಲೇ ತಮ್ಮ ತಮ್ಮವರಿಗೆ ಕಳಿಸುತ್ತಿದ್ದರು, ತೋರಿಸುತ್ತಿದ್ದರು. ಅಕ್ಕ ಕೊನೆಯ ಸಾಲಿಗೆ ಇಳಿದು ಒತ್ತಿದಳು. ಹಾಡು ಬರಲಿಲ್ಲ. ಪರದೆಯ ನಡುವೆ ಒಂದು ಚಕ್ರ ಸುತ್ತುತ್ತಿತ್ತು. ಅಕ್ಕ ನನ್ನನ್ನು ನೋಡಿದಳು. ನನ್ನ ಫೋನಿನಲ್ಲಿ ನೆಟ್ಟಿನ ಕಡ್ಡಿಗಳು ಒಂದೊಂದಾಗಿ ಹೋಗಿದ್ದವು. ಜಗಲಿಯ ಮೇಲೆ ನಿಂತು ಫೋನನ್ನು ಎತ್ತಿ ಹಿಡಿದೆ. ಬೀದಿಯ ಕಡೆ ಹಿಡಿದೆ, ಚಪ್ಪರದ ಗಳುವಿಗೆ ತಾಗಿಸಿದೆ.

"ಒಸಿ ನಿಮ್ ಫೋನೆಲ್ಲಾ ಆರಿಸ್ರಪ್ಪ, ನೆಟ್ ಬತ್ತಿಲ್ಲ" ಎಂದು ಕೂಗಿದೆ. ನಾಲ್ಕು ಜನ ತಿರುಗಿ ನೋಡಿದರು.

"ಟೈಮ್ ಆಯ್ತದೆ ಕಣ್ರವ್ವ, ರಾಹುಕಾಲಕ್ ಮುಂಚೆ ನಾಲೆ ದಾಟ್ಬೇಕು" ಎಂದರು ಗಂಡಿನ ಕಡೆಯ ಹಿರಿಯರು.

"ಎರಡು ನಿಮಿಷ ತಡೀರಿ."

"ಆಗ್ಲಿಂದ ಎರಡು ನಿಮಿಷ ಅಂತಾನೆ ಇದೀರಿ ತಾಯಿ."

ಮೊಮ್ಮಗಳು ಅಜ್ಜಿಯ ಕಾಲಿಗೆ ಬಿದ್ದಳು. ಎದ್ದವಳ ಎರಡೂ ಕೈಗಳನ್ನು ಅಕ್ಕ ಹಿಡಿದುಕೊಂಡಳು. ಅಕ್ಕನ ತುಟಿಗಳು ಅಲುಗುತ್ತಿದ್ದವು. ಕತ್ತಿನ ರಂಧ್ರಕ್ಕೆ ಕಟ್ಟಿದ ಬಿಳಿ ಬಟ್ಟೆ ಉಸಿರಿಗೆ ಒಳಗೂ ಹೊರಗೂ ಆಡುತ್ತಿತ್ತು. "ಏನಜ್ಜಿ? ಏನ್ ಹೇಳ್ತಿದೀಯ?" ಎಂದು ಹುಡುಗಿ ಮತ್ತೆ ಮತ್ತೆ ಕೇಳಿದಳು. ನನಗೆ ಗೊತ್ತಿತ್ತು. ಆ ಹಾಡಿನ ಮೊದಲ ಸಾಲು. ಅದನ್ನು ನಾನು ಹೇಳಿಬಿಡಬಹುದಿತ್ತು, ನನಗೆ ಧಾಟಿ ಬರುವುದಿಲ್ಲ, ಮಾತಿನಲ್ಲಾದರೂ ಹೇಳಬಹುದಿತ್ತು. ಆದರೆ ನಾನು ಜಗಲಿಯ ತುದಿಯಲ್ಲಿ ಕೈಯೆತ್ತಿ ನಿಂತಿದ್ದೆ, ಕೈ ಇಳಿಸಿದರೆ ನೆಟ್ ಹೋಗಿಬಿಡುತ್ತದೆ ಎಂದು. ಹುಡುಗಿಯನ್ನು ಕಾರಿನಲ್ಲಿ ಕೂರಿಸಿದರು. ಬಾಗಿಲು ಹಾಕಿದರು. ಕಾರು ಹೊರಟಿತು, ಅದರ ಹಿಂದೆ ಬಸ್ಸು, ಬಸ್ಸಿನ ತುಂಬ ಫೋನುಗಳು. ನಾಲೆಯ ಸೇತುವೆ ದಾಟಿ ತಿರುವಿನಲ್ಲಿ ಮರೆಯಾದವು.

ಚಪ್ಪರದಲ್ಲಿ ಬಾಡಿಗೆ ಕುರ್ಚಿ ಮಡಿಸುವವರು ಬಂದರು. ಸೊಸೆ ಕಂಬಕ್ಕೆ ಒರಗಿ ಅಳುತ್ತಿದ್ದಳು. ಆಗ ಸ್ಪೀಕರ್ ಒಂದು ಸಲ ಕರ್ರೆಂದು, ಹಾಡು ಶುರುವಾಯಿತು. ಸ್ಪಷ್ಟವಾಗಿ, ಜೋರಾಗಿ, ಮೊದಲ ಸಾಲಿನಿಂದ. ಆರಿಸಲು ನಾನು ಓಡಿದೆ. ಅಕ್ಕ ಎರಡು ಚಪ್ಪಾಳೆ ತಟ್ಟಿದಳು. ನಾನು ನಿಂತೆ. ಕುರ್ಚಿ ಮಡಿಸುವವರೂ ನಿಂತರು. ಹಾಡು ಪೂರ್ತಿ ಮುಗಿಯುವವರೆಗೆ ಅಕ್ಕ ಖಾಲಿ ಹಸೆಯನ್ನು ನೋಡುತ್ತಾ ತಾಳ ಹಾಕಿದಳು. ಅವಳು ಸಾಲು ಎತ್ತಿಕೊಟ್ಟು ನಿಲ್ಲಿಸುವ ಕಡೆ, ಹಿಂದೆ ಹಿಡಿಯುವವರು ಯಾರೂ ಇಲ್ಲದ ಆ ಬಿಡುವಿನಲ್ಲಿ, ಸೊಸೆ ಮೂಗು ಒರೆಸಿಕೊಂಡು ಒಂದೆರಡು ಸಲ ದನಿಗೂಡಿಸಲು ನೋಡಿದಳು. ಆಗಲಿಲ್ಲ.

ಮುಗಿದ ಮೇಲೆ ನಾವಿಬ್ಬರೂ ಪರದೆ ನೋಡಿದೆವು. ಕೊನೆಯ ಸಾಲಿನ ಮೋಡ ಹೋಗಿ ಹಸಿರು ಟಿಕ್ ಬಂದಿತ್ತು. ಅಕ್ಕ ಅದರ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. ಹೌದು ಅಕ್ಕ ಎಂದೆ. ಅವಳು ಮುಚ್ಚಳ ಮುಚ್ಚಿ, ಮಂಡಿಗೆ ಕೈ ಕೊಟ್ಟು ಎದ್ದು, ಹಸೆಯ ಅಕ್ಕಿಯನ್ನು ಗುಡಿಸಿ ತುಂಬಲು ಮೊರ ಹುಡುಕಿಕೊಂಡು ಒಳಗೆ ಹೋದಳು.